ಟೊಮೆಟೊ ಸಾಲಿಗೆ ಕಟ್ಟಿದ ಬಟ್ಟೆಯ ಹಗ್ಗ

"ಗುರುಗಳೇ, ಎಲ್ಲವೂ ನಮ್ಮೊಳಗೇ ಇದೆ ಎನ್ನುತ್ತೀರಿ. ಹಾಗಿದ್ದ ಮೇಲೆ ಮಾತುಮಾತಿಗೂ ಕೆಣಕುವ ಆ ಮನುಷ್ಯನ ಜೊತೆ ಒಂದೇ ಕೋಣೆಯಲ್ಲಿ ನಾನೇಕೆ ಇರಬೇಕು? ಬೇರೆ ಕೋಣೆ ಕೊಡಿ" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು, "ಮೊದಲು ಕೂತುಕೋ ಮಾರಾಯ" ಎಂದು ಕತೆ ಶುರು ಮಾಡಿದರು.

ಒಬ್ಬ ತಾಯಿ ಇದ್ದಳು. ಅವಳ ಬಸುರಿ ಮಗಳು ತವರಿಗೆ ಬರುವವಳಿದ್ದಳು. ಏನು ತಿಂದರೂ ಸೇರುತ್ತಿಲ್ಲ, ನಮ್ಮ ಹಿತ್ತಲ ಟೊಮೆಟೊ ಗೊಜ್ಜೊಂದಿದ್ದರೆ ಸಾಕು ಎಂದು ಹೇಳಿ ಕಳಿಸಿದ್ದಳು. ತಾಯಿಗೆ ಹಿಗ್ಗೋ ಹಿಗ್ಗು! ಸಾಲಾಗಿ ಗಿಡ ನೆಟ್ಟು, ಗೊಬ್ಬರ ಹಾಕಿ, ಕೋಲು ಕೊಟ್ಟು ಕಟ್ಟಿದಳು.

ಎರಡು ಮನೆಗೂ ಹಿತ್ತಲು ಒಂದೇ. ಪಕ್ಕದ ಮನೆಯಾಕೆ ಆ ಕೋಲುಗಳಿಗೇ ಬಟ್ಟೆ ಒಣಹಾಕುವ ಹಗ್ಗ ಬಿಗಿದಳು. ಆಕೆ ಒದ್ದೆ ಸೀರೆ ಕೊಡವಿ ಹಗ್ಗಕ್ಕೆ ಎಸೆದಾಗಲೆಲ್ಲ ಗಿಡಗಳು ಗಡಗಡ ನಡುಗುತ್ತಿದ್ದವು. ತಾಯಿಗೆ ಮೈಯೆಲ್ಲ ಉರಿಯಿತು.

"ನಿಮ್ಮ ಕಾಟದಲ್ಲಿ ನನ್ನ ಗಿಡ ಉಳಿಯುತ್ತವೇನ್ರೀ? ಮೊದಲು ಬಿಚ್ಚಿ!"

ಆಕೆ ಮುಖ ಊದಿಸಿಕೊಂಡು ಹಗ್ಗ ಬಿಚ್ಚಿಕೊಂಡು ಹೋದಳು.

ಹಿತ್ತಲ ಸುತ್ತ ಎತ್ತರದ ಗೋಡೆ. ಗಾಳಿ ಸುಳಿಯದು, ದುಂಬಿ ಬಾರದು. ಗಿಡದ ತುಂಬ ಹೂವಾಯಿತು. ಆದರೆ ಹೂ ಬಿಟ್ಟಂತೆಲ್ಲ ಒಣಗಿ ಉದುರುತ್ತಿದ್ದವು, ಒಂದು ಹೀಚೂ ಕಟ್ಟಲಿಲ್ಲ. ಮಗಳಿಗೆ ಏನು ಬಡಿಸಲಿ ಎಂದು ತಾಯಿಗೆ ಅಳುವೇ ಬಂತು. "ನಿನಗೇನು ಕಡಿಮೆ ಮಾಡಿದ್ದೆ, ಹೇಳು!" ಎಂದು ಸಿಟ್ಟಿನಲ್ಲಿ ತುದಿಯ ಗಿಡವೊಂದನ್ನು ಹಿಡಿದು ಜಾಡಿಸಿದಳು.

ಕೆಲವು ದಿನ ಕಳೆದು ನೋಡಿದರೆ, ಆ ಒಂದು ಗಿಡದಲ್ಲಿ ಮಾತ್ರ ಹೀಚು! ಅವಳಿಗೆ ಆಗ ಹೊಳೆಯಿತು. ಹೂವಿನಲ್ಲಿ ಗಂಡೂ ಇತ್ತು, ಹೆಣ್ಣೂ ಇತ್ತು. ಪರಾಗ ಮಾತ್ರ ಒಳಗೇ ಕೂತಿತ್ತು, ಅಲುಗಾಡಿಸುವವರಿಲ್ಲದೆ ಉದುರಿರಲಿಲ್ಲ.

ತಾಯಿ ನೇರ ಪಕ್ಕದ ಮನೆಗೆ ಹೋದಳು. "ಅಕ್ಕಾ, ನನ್ನದೇ ತಪ್ಪು. ಹಗ್ಗ ಅಲ್ಲೇ ಕಟ್ಟಿ."

"ಓಹೋ, ಈಗ ನನ್ನ ಕಾಟ ಸಿಹಿಯಾಯಿತೋ?" ಎಂದು ಆಕೆ ಛೇಡಿಸಿದಳು. ಮರುದಿನವೇ ಹಗ್ಗ ಕಟ್ಟಿ ಸೀರೆ ಕೊಡವಿದಳು.

ಮಗಳು ಬಂದ ಮೇಲೆ ಕಾಯಿ ಕೆಂಪಾದವು. ಅವಳು ಗೊಜ್ಜಿನಲ್ಲಿ ಅನ್ನ ಕಲಸಿ ಹೊಟ್ಟೆ ತುಂಬ ಉಂಡಳು. ಪಕ್ಕದ ಮನೆಗೂ ಒಂದು ಬಟ್ಟಲು ಹೋಯಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ತಲೆ ಕೆರೆದುಕೊಂಡ. "ಸರಿ ಗುರುಗಳೇ, ಅವನು ಕೆಣಕುವುದು ನನ್ನ ಒಳ್ಳೆಯದಕ್ಕೇ ಎಂದು ಸಹಿಸಿಕೊಳ್ಳುತ್ತೇನೆ" ಎಂದ.

"ನಿನ್ನೆ ಅವನೂ ಬಂದು, ನಿನ್ನ ಕಾಟ ತಾಳಲಾರೆ, ಬೇರೆ ಕೋಣೆ ಕೊಡಿ ಎಂದ, ಅವನಿಗೂ ಇದೇ ಕತೆ ಹೇಳಿದೆ" ಎಂದರು ಗುರುಗಳು.