ಹೊಸ ಕಾವಲಿಯ ಹಿಡಿತ

ಸಂತೆಯಿಂದ ಬಂದ ಹೊಸ ಕಬ್ಬಿಣದ ಕಾವಲಿಯೊಂದು ತನ್ನ ಮೇಲೆ ಹೊಯ್ದ ದೋಸೆಯನ್ನೆಲ್ಲ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿತ್ತು. ಇದು ನಾನು ಕಣ್ಣಾರೆ ಕಂಡದ್ದು, ಇಲ್ಲವೇ ಕಂಡವರಿಂದ ಕೇಳಿದ್ದು.

“ಬಿಡೇ ಮೊಂಡಿ! ನಾಳೆಯೂ ದೋಸೆ ಹರಿದರೆ ನಿನಗೆ ಅಟ್ಟವೇ ಗತಿ,” ಎಂದು ಸಟ್ಟುಗ ಕರಕರ ಕೆರೆಯಿತು. ಕೆರೆದಷ್ಟೂ ಹಿಡಿತ ಬಿಗಿಯಾಯಿತು.

ಪಕ್ಕದಲ್ಲಿ ಅರ್ಧ ಹೋಳಾಗಿ ಕೂತಿದ್ದ ಈರುಳ್ಳಿಗೆ ಕಾವಲಿ ಹೇಳಿತು: “ಬಿಡಬೇಕು ಅಂತಲೇ ಇದ್ದೇನೆ ಅಜ್ಜಿ, ಆಗುತ್ತಿಲ್ಲ.”

“ಹೊಸ ಜಾಗದಲ್ಲಿ ಹೆದರಿದವರು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ, ಕೂಸೇ. ಅದು ಮೊಂಡುತನವಲ್ಲ. ಇವತ್ತಿಗೆ ದೋಸೆ ಸಾಕು. ಒಲೆಯಣ್ಣ, ಉರಿ ಸ್ವಲ್ಪ ತಗ್ಗಿಸು. ಸಟ್ಟುಗಪ್ಪ, ನೀನು ಆ ಮೂಲೆಗೆ ಹೋಗಿ ಮಲಗಿಕೋ.”

ಈರುಳ್ಳಿ ಎಣ್ಣೆಯಲ್ಲಿ ಅದ್ದಿಕೊಂಡು, ತನ್ನ ಮುಖ ಕಪ್ಪಾಗುವವರೆಗೂ ಕಾವಲಿಯನ್ನು ಮೆಲ್ಲಗೆ ಸವರಿತು. ಕಾವಲಿ ಎಣ್ಣೆ ಕುಡಿದು, ತಣ್ಣಗಾಗಿ, ನಿದ್ದೆ ಹೋಯಿತು.

ಮರುದಿನ ಬೆಳಿಗ್ಗೆ ದೋಸೆ ತಾನಾಗಿಯೇ ಅಂಚು ಬಿಟ್ಟು ಎದ್ದಿತು. ಸಟ್ಟುಗ ಎದೆಯುಬ್ಬಿಸಿತು: “ನೋಡಿದಿರಾ? ನಿನ್ನೆ ನಾನು ಕೆರೆದದ್ದರ ಫಲ!”

ಈರುಳ್ಳಿ ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಾವಲಿ, “ಇರಲಿ ಬಿಡಜ್ಜಿ,” ಎಂದು ನಕ್ಕಿತು. ಸಟ್ಟುಗದ ಆ ಮಾತನ್ನೂ ಅದು ಹಿಡಿದುಕೊಳ್ಳಲಿಲ್ಲ.