ಮರಕುಟಿಗದ ಚಿತ್ರಕಥೆಯೂ ನವಿಲಿನ ಮೆಚ್ಚುಗೆಯೂ

ಮರಕುಟಿಗವೊಂದು ಒಣಮರದ ತೊಗಟೆಯ ಮೇಲೆ ಕಪ್ಪೆಯೊಂದರ ಸಾಹಸಗಳನ್ನು ಚಿತ್ರಕಥೆಯಾಗಿ ಕೆತ್ತುತ್ತಿತ್ತು. ಕೆತ್ತುತ್ತ ಕೂತರೆ ಹುಳು ಹುಡುಕಲು ಹೊತ್ತು ಸಿಗುತ್ತಿರಲಿಲ್ಲ. ಹಸಿವು ತಾಳಲಾರದೆ ಅದು, "ಓದುವವರು ಒಂದೊಂದು ಹುಳು ತಂದುಕೊಟ್ಟರೆ ಕಥೆ ಮುಂದುವರಿಸುತ್ತೇನೆ, ಇಲ್ಲವಾದರೆ ಇಲ್ಲಿಗೇ ನಿಲ್ಲಿಸುತ್ತೇನೆ," ಎಂದು ಕಾಡಿಗೆಲ್ಲ ಸಾರಿತು.

ನವಿಲು ಬಂಡೆಯೇರಿ ಭಾಷಣ ಮಾಡಿತು: "ಈ ಕಲಾವಿದನನ್ನು ಮೊದಲು ಗುರುತಿಸಿದವನು ನಾನು! ಕಾಡೆಲ್ಲ ಇವನ ಬೆನ್ನಿಗೆ ನಿಲ್ಲಬೇಕು!"

"ಸ್ವಾಮಿ, ತಾವೂ ಒಂದು ಹುಳು..." ಎಂದಿತು ಮರಕುಟಿಗ.

"ನನ್ನ ಮೆಚ್ಚುಗೆಗಿಂತ ಹುಳು ದೊಡ್ಡದೇನಯ್ಯಾ?"

ಆ ಮೆಚ್ಚುಗೆಯಿಂದ ಮರಕುಟಿಗದ ಹೊಟ್ಟೆಯೇನೂ ತುಂಬಲಿಲ್ಲ.

ಗುಬ್ಬಿಗಳು ಮಾತ್ರ, "ಕಪ್ಪೆ ಬಾವಿಯಿಂದ ಹೊರಗೆ ಬರುತ್ತದಾ ಅಣ್ಣಾ?" ಎಂದು ಕೇಳುತ್ತ ಕೊಕ್ಕಿಗೊಂದು ಹುಳು ತಂದಿಟ್ಟವು. ಹಾಗೆ ಕಥೆ ಮುಗಿಯಿತು.

ಕೊನೆಯ ಚಿತ್ರ ನೋಡಲು ನವಿಲು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂತು. "ಮೊದಲ ಜಾಗ ನನ್ನದು!"

"ಆಗಲಿ ಸ್ವಾಮಿ. ಕಥೆಯಲ್ಲಿ ಬರುವ ಕಪ್ಪೆಯ ಹೆಸರು ಹೇಳಿಬಿಡಿ, ಸಾಕು," ಎಂದಿತು ಮರಕುಟಿಗ.

ನವಿಲು ಬಾಯಿ ಬಿಚ್ಚಲಾಗದೆ ಗರಿ ಬಿಚ್ಚಿ ನಿಂತಿತು.

ಹಿಂದಿನಿಂದ ಗುಬ್ಬಿಯೊಂದು ಕೂಗಿತು: "ಸ್ವಲ್ಪ ಆಚೆ ಸರೀರಿ! ನಿಮ್ಮ ಗರಿ ಅಡ್ಡ ಬಂದು ನಮ್ಮ ಗುಳುಂಕಪ್ಪ ಕಾಣುತ್ತಿಲ್ಲ."