ಬೆಲ್ಲ, ಒಂದು ತಂಬಿಗೆ ನೀರು

"ಅಜ್ಜಾರ, ಔಷಧ ಊರಿಗೇ ಬಂದರೂ ಬ್ಯಾನಿ ಇದ್ದವರು ಬಾಗಲಾ ಯಾಕ ಹಾಕ್ಕೋತಾರ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದವಳು ನೀಲಾಂಬಿಕೆ. ಮಠದ ವಸತಿ ನಿಲಯದಲ್ಲಿದ್ದು ಕಾಲೇಜು ಓದುತ್ತಿದ್ದಳು. ಎರಡು ವರ್ಷದಿಂದ ಗೆಳತಿಯರನ್ನು, ಗೆಳೆಯರನ್ನು ಕಟ್ಟಿಕೊಂಡು ಏಡ್ಸ್ ವಿರುದ್ಧ ಊರೂರು ತಿರುಗುತ್ತಿದ್ದಳು. ಔಷಧದ ಬೆಲೆ ಇಳಿಸಿರೆಂದು ದೇಶದೇಶಗಳ ವಿದ್ಯಾರ್ಥಿಗಳು ಬೀದಿಗಿಳಿದ ದಿನ ಇವರೂ ತಾಲೂಕು ಕಚೇರಿಯ ಮುಂದೆ ಬಿಸಿಲಿನಲ್ಲಿ ಕೂತಿದ್ದರು. ಮನೆಮನೆಗೆ ಹೋಗಿ ಸಹಿ ಕೂಡಿಸಿದ್ದರು, ಬೈಸಿಕೊಂಡಿದ್ದರು. ಕೊನೆಗೆ ಔಷಧ ಸರಕಾರಿ ಆಸ್ಪತ್ರೆಗೆ ಪುಕ್ಕಟೆಯಾಗಿಯೇ ಬಂತು. ತೆಗೆದುಕೊಳ್ಳುವವರು ಬರಲಿಲ್ಲ. ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು, ಜೊತೆಗೆ ಸಿಟ್ಟೂ ಇತ್ತು.

ಗುರುಗಳು ಸಮಾಧಾನ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಏಡ್ಸ್‌ನಿಂದ ತೀರಿಕೊಂಡಿದ್ದ. ಹೋಗುವಾಗ ಆ ಬೇನೆಯನ್ನು ಅವಳಿಗೂ ಬಿಟ್ಟು ಹೋಗಿದ್ದ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಮೂರೇ ದಿನಕ್ಕೆ ಎಲ್ಲರಿಗೂ ತಿಳಿಯಿತು.

ಆ ಸೀಮೆಯಲ್ಲಿ ಮನೆಗೆ ಬಂದವರ ಮುಂದೆ ಮೊದಲು ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಇಡಬೇಕು. ಬೆಲ್ಲ ಕಡಿದು ನೀರು ಕುಡಿದ ಮೇಲೆಯೇ ಬಂದ ಕಾರಣ ಕೇಳುವುದು. ವೈರಿಯೇ ಆಗಲಿ, ನೀರು ಕುಡಿದನೆಂದರೆ ಆ ಹೊತ್ತಿಗೆ ಅವನು ಮನೆಯವನು. ಕುಡಿಯದೆ ಎದ್ದನೆಂದರೆ ಆ ಮನೆಯ ನಂಟು ಅಲ್ಲಿಗೆ ಹರಿಯಿತು.

ಗಂಡ ಹೋದ ಮೇಲೆ ಅವಳ ಮನೆಯಲ್ಲಿ ಯಾರೂ ನೀರು ಕುಡಿಯಲಿಲ್ಲ. ಹಾಗೆಂದು ಯಾರೂ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅವಳ ಮನೆಗೆ ಬರುವವರೆಲ್ಲ ಈಗಷ್ಟೇ ಚಹಾ ಕುಡಿದು ಬಂದವರೇ. ಒಡಹುಟ್ಟಿದ ಅಣ್ಣ ಎರಡು ಹರದಾರಿ ಬಿಸಿಲಿನಲ್ಲಿ ನಡೆದು ಬಂದ. ಅವನಿಗೂ ದಾರಿಯಲ್ಲಿ ಚಹಾ ಆಗಿತ್ತು. ಅಂಗಳದಲ್ಲಿಯೇ ನಿಂತು ಕ್ಷೇಮ ಕೇಳಿ, ಹೊತ್ತಾಯಿತೆಂದು ಹೊರಟುಹೋದ.

ಆದರೂ ಅವಳು ದಿನಾ ಬೆಳಗ್ಗೆ ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಿದ್ದಳು. ಸೋಸಿದ ನೀರು ತುಂಬಿ, ತಟ್ಟೆಯಲ್ಲಿ ಬೆಲ್ಲವಿಟ್ಟು, ಬಾಗಿಲು ತೆರೆದು ಕೂರುತ್ತಿದ್ದಳು. ಬೀದಿಯಲ್ಲಿ ಯಾರದಾದರೂ ಹೆಜ್ಜೆ ನಿಧಾನವಾದರೆ ಅವಳ ಜೀವ ಕಿವಿಗೆ ಬರುತ್ತಿತ್ತು. ಹೆಜ್ಜೆ ಮುಂದೆ ಹೋಗುತ್ತಿತ್ತು. ಸಂಜೆ ನೀರು ಚೆಲ್ಲುತ್ತಿದ್ದಳು. ಬೆಲ್ಲಕ್ಕೆ ಇರುವೆ ಮುತ್ತಿದರೆ ಓಡಿಸುತ್ತಿರಲಿಲ್ಲ. ತನ್ನ ಮನೆಯಲ್ಲಿ ಉಣ್ಣಲು ಹೇಸದ ನಂಟರು ಇವರಾದರೂ ಇದ್ದಾರಲ್ಲ ಎಂದುಕೊಳ್ಳುತ್ತಿದ್ದಳು. ಸಾವಿಗೆ ಅವಳು ಅಂಜಿರಲಿಲ್ಲ. ಸಾಯುವ ಮೊದಲು ಒಬ್ಬರು, ಒಬ್ಬರೇ ಒಬ್ಬರು, ತನ್ನ ಕೈಯ ನೀರು ಕುಡಿಯಲಿ ಎಂಬುದೊಂದೇ ಅವಳ ಆಸೆ. ಆ ಆಸೆಗೆ ಜೀವ ಹಿಡಿದಿದ್ದಳು.

ಹೀಗಿರುವಾಗ ಪಟ್ಟಣದಿಂದ ವಿದ್ಯಾರ್ಥಿಗಳು ಬಂದರು. ಊರ ಅಗಸಿ ಬಾಗಿಲಲ್ಲಿ ಹಲಗೆ ಬಾರಿಸಿ, ಜನ ಕೂಡಿಸಿ ಬೀದಿನಾಟಕ ಆಡಿದರು. ಜೊತೆಗೆ ಉಂಡರೆ ಈ ಬೇನೆ ಬರುವುದಿಲ್ಲ, ಒಂದೇ ತಂಬಿಗೆಯಲ್ಲಿ ನೀರು ಕುಡಿದರೆ ಬರುವುದಿಲ್ಲ ಎಂದು ಹಾಡಿದರು. ಊರಿನವರು ಚಪ್ಪಾಳೆ ತಟ್ಟಿದರು. ಹೆಂಗಸು ಎಲ್ಲರ ಹಿಂದೆ ನಿಂತು ಕೇಳಿದಳು. ತನ್ನ ಎದೆಯೊಳಗಿನ ಮಾತನ್ನು ಈ ಮಕ್ಕಳಿಗೆ ಯಾರು ಹೇಳಿದರು ಎಂದು ಬೆರಗಾದಳು. ಇವರು ಖಂಡಿತ ಕುಡಿಯುತ್ತಾರೆ ಎಂದುಕೊಂಡು, ಅಂಗಡಿಗೆ ಹೋಗಿ ಹೊಸ ಬೆಲ್ಲ ತಂದಳು.

ಆ ವಿದ್ಯಾರ್ಥಿಗಳು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ಒಂದು ನೇಮ ಮಾಡಿಕೊಂಡಿದ್ದರು. ಬೇನೆಯವರು ಮೊದಲೇ ನೊಂದವರು, ಬಡವರು. ಅವರಿಗೆ ಹುಲ್ಲುಕಡ್ಡಿಯಷ್ಟೂ ಭಾರವಾಗಬಾರದು. ಅವರ ಮನೆಯಲ್ಲಿ ಒಂದು ಗುಟುಕು ನೀರನ್ನೂ ತೆಗೆದುಕೊಳ್ಳಬಾರದು. ಅದಕ್ಕಾಗಿ ಎಲ್ಲರೂ ಚೀಲದಲ್ಲಿ ಬುತ್ತಿ, ನೀರಿನ ಬಾಟಲಿ ಇಟ್ಟುಕೊಂಡೇ ತಿರುಗುತ್ತಿದ್ದರು.

ಮರುದಿನ ಒಬ್ಬ ವಿದ್ಯಾರ್ಥಿನಿ ಅವಳ ಮನೆಗೆ ಬಂದಳು. ಅಂಗಳದಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಚಾಪೆಯ ಮೇಲೆ ಕೂತಳು, ಹೆಂಗಸಿನ ಕೈ ಹಿಡಿದುಕೊಂಡಳು. ಬಿಸಿಲಿಗೆ ಹುಡುಗಿಯ ತುಟಿ ಒಣಗಿತ್ತು. ಹೆಂಗಸು ಅದನ್ನು ನೋಡಿದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಒಳಗೆ ಹೋಗಿ ಬೆಲ್ಲ, ನೀರು ತಂದು ಮುಂದಿಟ್ಟಳು.

"ನೀರು ಕುಡಿ, ತಂಗಿ."

"ಬ್ಯಾಡ್ರಿ ಅಕ್ಕಾ, ನಿಮಗ್ಯಾಕ ತ್ರಾಸ? ನಮ್ಮ ನೀರು ನಾವ ತಂದೀವ್ರಿ" ಎಂದು ಹುಡುಗಿ ಬಾಟಲಿ ತೆಗೆದು ಗಟಗಟನೆ ಕುಡಿದಳು.

"ಒಂದು ಚೂರು ಬೆಲ್ಲಾರ ಬಾಯಾಗ ಹಾಕ್ಕೊ."

"ನಿಮ್ಮಂಥವರ ಮನ್ಯಾಗ ಏನೂ ತಗೋಬಾರದಂತ ನೇಮ ಮಾಡೀವ್ರಿ ಅಕ್ಕಾ." ಹುಡುಗಿ ಇದನ್ನು ಪ್ರೀತಿಯಿಂದಲೇ ಹೇಳಿದಳು.

ಹೆಂಗಸು ತಂಬಿಗೆಯನ್ನು ಮೆಲ್ಲಗೆ ತನ್ನ ಕಡೆಗೆ ಸರಿಸಿಕೊಂಡಳು. ಹುಡುಗಿ ಗುಳಿಗೆಯ ವಿಷಯ ತೆಗೆದಳು. ಸೋಮವಾರ ಆಸ್ಪತ್ರೆಗೆ ಬನ್ನಿ, ಗುಳಿಗೆ ತಪ್ಪಿಸದಿದ್ದರೆ ಇನ್ನೂ ಇಪ್ಪತ್ತು ವರ್ಷ ಬದುಕುತ್ತೀರಿ ಎಂದಳು. ಹೇಳಿದ್ದೆಲ್ಲ ನಿಜ. ಹೆಂಗಸು ತಲೆಯಾಡಿಸಿದಳು. ಅವಳ ಮನಸ್ಸು ಅಲ್ಲಿರಲಿಲ್ಲ. ಇನ್ನೂ ಇಪ್ಪತ್ತು ವರ್ಷ ಈ ತಂಬಿಗೆ ತುಂಬಬೇಕು, ಇಪ್ಪತ್ತು ವರ್ಷ ಚೆಲ್ಲಬೇಕು. ಊರಿನವರು ಅರಿಯದೆ ಕುಡಿಯಲಿಲ್ಲ ಎಂದು ಇಷ್ಟು ದಿನ ಮನಸ್ಸಿಗೆ ಹೇಳಿಕೊಂಡಿದ್ದಳು. ಎಲ್ಲ ಅರಿತವರೇ ಕುಡಿಯದಿದ್ದ ಮೇಲೆ ಇನ್ನು ಯಾರ ದಾರಿ ಕಾಯುವುದು?

ಸೋಮವಾರ ಅವಳು ಹೋಗಲಿಲ್ಲ. ವಿದ್ಯಾರ್ಥಿಗಳು ಹುಡುಕಿಕೊಂಡು ಬಂದಾಗ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಕೂಗಿದರು, ಬಡಿದರು, ತೆರೆಯಲಿಲ್ಲ. ಹೆಂಗಸಿಗೆ ತಿಳಿವಳಿಕೆ ಸಾಲದು ಎಂದು ಬರೆದುಕೊಂಡು ಮುಂದಿನ ಊರಿಗೆ ನಡೆದರು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ನೀಲಾಂಬಿಕೆ ಚಡಪಡಿಸಿದಳು.

"ಆ ನೇಮದಾಗ ತಪ್ಪೇನೈತ್ರಿ ಅಜ್ಜಾರ? ನಮ್ಮ ತಂಡದ್ದೂ ಅದ ನೇಮ. ಬಡವರಿಗೆ ಭಾರ ಆಗಬಾರದಂತ ನಾನ ಮಾಡೀನ್ರಿ."

ಗುರುಗಳು ಅವಳ ಮುಖ ನೋಡಿದರು.

"ಎರಡು ವರ್ಷ ಇಷ್ಟು ಮನಿ ತಿರಗೀಯಲ್ಲವ್ವಾ, ಒಂದು ಮನ್ಯಾಗೂ ನಿನಗ ನೀರಡಿಕಿ ಆಗಲಿಲ್ಲೇನು?"